ಸೆತ್ಸುಕೊ ಹಾರಾ ಮುಖದಿಂದ ನಗು ಇಳಿಯೋ ಆ ದೃಶ್ಯ: 1949ರ ‘ಲೇಟ್ ಸ್ಪ್ರಿಂಗ್’, ಒಂದು ಪ್ರಕರಣ ಅಧ್ಯಯನ

ಒಬ್ಬ ಮಗಳು ಅಪ್ಪನ ಪಕ್ಕ ಕೂತು ನಾಟಕ ನೋಡ್ತಿದ್ದಾಳೆ. ಅಪ್ಪ ಸ್ವಲ್ಪ ದೂರದಲ್ಲಿ ಕೂತಿರೋ ಒಬ್ಬ ಪರಿಚಯದ ಹೆಂಗಸಿಗೆ ತಲೆಬಾಗಿ ನಮಸ್ಕಾರ ಮಾಡ್ತಾನೆ, ಮಗಳೂ ಮಾಡ್ತಾಳೆ, ಆ ಹೆಂಗಸೂ ತಿರುಗಿ ಮಾಡ್ತಾಳೆ. ನಡೆಯೋದು ಇಷ್ಟೇ. ಈ ಮೂರು ಜನ ಒಬ್ಬರಿಗೊಬ್ಬರು ಒಂದು ಮಾತೂ ಆಡಲ್ಲ, ಯಾರೂ ಎದ್ದು ಹೋಗಲ್ಲ, ಯಾರೂ ಅಳಲ್ಲ. ಆದ್ರೆ ಆ ಕೆಲವು ನಿಮಿಷ ಮುಗಿಯೋ ಹೊತ್ತಿಗೆ ಒಂದು ಮನೆಯ ನೆಮ್ಮದಿ ಹೋಯ್ತು ಅಂತ ನಮಗೆ ಗೊತ್ತಾಗಿರತ್ತೆ, ಗೊತ್ತಾಗೋದು ಪೂರ್ತಿ ಆ ಮಗಳ ಮುಖದಿಂದ. ಮುಖಾಭಿನಯ ಅಂದ್ರೆ ಏನು ಅಂತ ಯಾರಾದ್ರೂ ಕೇಳಿದ್ರೆ ನಾನು ತೋರಿಸೋದು ಇದನ್ನೇ, ಜಪಾನಿನ ನಿರ್ದೇಶಕ ಯಸುಜಿರೊ ಓಜು ಅವರ ‘ಲೇಟ್ ಸ್ಪ್ರಿಂಗ್’ ಸಿನಿಮಾದ ನೋಹ್ (ಮುಖವಾಡ ಹಾಕಿ ಆಡೋ ಜಪಾನಿನ ಹಳೇ ರಂಗಪ್ರಕಾರ) ನಾಟಕದ ದೃಶ್ಯ, ಮಗಳ ಪಾತ್ರದಲ್ಲಿ ಸೆತ್ಸುಕೊ ಹಾರಾ.

ಮೊದಲು ಸನ್ನಿವೇಶ ಹೇಳ್ಬಿಡ್ತೀನಿ, ಇಲ್ಲಾಂದ್ರೆ ಆ ಮುಖ ಅರ್ಥ ಆಗಲ್ಲ. ಟೋಕಿಯೋ ಹತ್ರದ ಕಾಮಾಕುರಾ ಅನ್ನೋ ಊರು. ಯುದ್ಧ ಮುಗಿದು ನಾಲ್ಕು ವರ್ಷ ಆಗಿದೆ, ದೇಶ ಇನ್ನೂ ಅಮೆರಿಕನ್ನರ ಹಿಡಿತದಲ್ಲಿದೆ. ಷುಕಿಚಿ ಸೊಮಿಯಾ ಅನ್ನೋ ಪ್ರೊಫೆಸರ್, ಹೆಂಡತಿ ತೀರಿಹೋಗಿದ್ದಾಳೆ, ಮಗಳು ನೊರಿಕೊಗೆ 27 ವರ್ಷ. ಯುದ್ಧದ ಟೈಮಲ್ಲಿ ಬಲವಂತದ ದುಡಿಮೆಗೆ ಹೋಗಿ ಅವಳ ಆರೋಗ್ಯ ಕೆಟ್ಟಿತ್ತು, ಈಗ ಸುಧಾರಿಸಿಕೊಂಡಿದ್ದಾಳೆ. ಅಪ್ಪನ ಊಟ, ಬಟ್ಟೆ, ಕಾಲರ್ ಎಲ್ಲಾ ಅವಳೇ ನೋಡ್ಕೊಳ್ಳೋದು, ಅವಳಿಗೆ ಅದು ಹೊರೆ ಅಲ್ಲ, ಅವಳಿಗೆ ಬೇಕಾಗಿರೋ ಬದುಕೇ ಅದು. ಮದುವೆ ಬೇಡ. ಆದ್ರೆ ಸೋದರತ್ತೆ ಮಾಸಾ ಸುಮ್ನೆ ಬಿಡೋ ಜಾತಿ ಅಲ್ಲ, ಸತಾಕೆ ಅನ್ನೋ ಹುಡುಗನನ್ನ ನೋಡಿಟ್ಟಿದ್ದಾಳೆ, ಅಷ್ಟಕ್ಕೇ ನಿಲ್ಲಿಸದೆ ‘ನಿಮ್ಮಪ್ಪನಿಗೂ ಒಂದು ಸಂಬಂಧ ಇದೆ, ಮಿವಾ ಅಂತ, ಗಂಡ ಇಲ್ಲ, ಒಳ್ಳೆ ಹೆಂಗಸು’ ಅನ್ನೋ ಅರ್ಥದ ಮಾತು ನೊರಿಕೊ ಕಿವಿಗೆ ಹಾಕ್ತಾಳೆ. ಅಲ್ಲಿ ಮೊದಲ ಸಲ ನೊರಿಕೊ ಮುಖ ಬಿಗಿಯತ್ತೆ. ಮನೆಗೆ ಬಂದು ಅಪ್ಪನ ಹತ್ರ ಸರಿಯಾಗಿ ಮಾತೂ ಆಡಲ್ಲ. ಇದಾದ ಮೇಲೆ ಬರೋದು ನೋಹ್ ದೃಶ್ಯ. ಅಂದ್ರೆ ಅಲ್ಲಿಗೆ ಬರೋ ಹೊತ್ತಿಗೆ ಅವಳ ಕೈಲಿರೋದು ಬರೀ ಒಂದು ಸುದ್ದಿ, ಅತ್ತೆಯ ಬಾಯಿಂದ ಕೇಳಿದ್ದು. ಅಪ್ಪನನ್ನ ಇನ್ನೂ ನೇರವಾಗಿ ಕೇಳಿಲ್ಲ.

ಈಗ ಒಂದು ವಿಷಯ ಗಮನಿಸ್ಬೇಕು. ಸಿನಿಮಾ ಶುರುವಾದಾಗಿಂದ ಅಲ್ಲಿವರೆಗೂ ಹಾರಾ ಹೆಚ್ಚು ಕಮ್ಮಿ ನಗ್ತಾನೇ ಇದ್ದಾರೆ. ಎಂಗಾಕುಜಿ ದೇವಸ್ಥಾನದಲ್ಲಿ ಚಹಾ ಸಮಾರಂಭ, ಅಲ್ಲಿ ನಗು (ಮಿವಾ ಅಲ್ಲೇ ಮೊದಲ ಸಲ ನಮಗೆ ಕಾಣ್ಸೋದು, ಕಿಮೋನೋ ಉಟ್ಕೊಂಡು, ಆದ್ರೆ ಆಗ ನಾವು ಅವಳನ್ನ ಲೆಕ್ಕಕ್ಕೇ ತಗೊಳ್ಳಲ್ಲ). ಅಪ್ಪನ ಸಹಾಯಕ ಹತ್ತೋರಿ ಜೊತೆ ಸಮುದ್ರದ ದಡದ ರಸ್ತೆಯಲ್ಲಿ ಸೈಕಲ್ ಹೊಡೀತಾಳೆ, ಪಕ್ಕದಲ್ಲಿ ಕೋಕಾ-ಕೋಲಾ ಬೋರ್ಡ್ ಬೇರೆ ಇದೆ, ಅಲ್ಲಂತೂ ಮುಖ ತುಂಬಾ ನಗು. ಅಪ್ಪನ ಸ್ನೇಹಿತ ಒನೊದೆರಾ ಎರಡನೇ ಮದುವೆ ಆಗಿದಾನೆ ಅಂತ ಗೊತ್ತಾದಾಗ ‘ಅದು ಹೊಲಸು’ ಅಂತ ಅವನ ಎದುರಿಗೇ ಹೇಳ್ತಾಳೆ, ಅದನ್ನೂ ನಗ್ತಾನೇ ಹೇಳ್ತಾಳೆ! ಅವನೂ ತಮಾಷೆಯಾಗಿ ತಗೊಳ್ತಾನೆ. ನಾವೂ ಹಾಗೇ ತಗೊಳ್ತೀವಿ. ಮೊದಲ ಸಲ ನೋಡುವಾಗ ಇದೇನಪ್ಪಾ ಈ ಹೀರೋಯಿನ್ ಇಷ್ಟೊಂದು ನಗ್ತಾಳೆ, ಸ್ವಲ್ಪ ಜಾಸ್ತಿನೇ ಆಯ್ತಲ್ಲ ಅಂತ ಅನ್ನಿಸೋದೂ ಇದೆ, ಹಾಗೆ ಹೇಳಿದ ಸ್ನೇಹಿತರು ನನಗೆ ಸುಮಾರು ಜನ ಇದ್ದಾರೆ. ಆದ್ರೆ ಅದು ಜಾಸ್ತಿ ಅಲ್ಲ, ಅದು ಬಂಡವಾಳ. ನಮ್ಮ ಕಣ್ಣು ಆ ನಗುವಿಗೆ ಎಷ್ಟು ಒಗ್ಗಿಹೋಗತ್ತೆ ಅಂದ್ರೆ ನೊರಿಕೊಳ ಸಹಜ ಮುಖ ಅಂದ್ರೆ ನಗು ಮುಖ ಅಂತಲೇ ಆಗಿರತ್ತೆ. ಬೇರೆ ನಟಿ ದುಃಖ ತೋರಿಸ್ಬೇಕಾದ್ರೆ ಮುಖದ ಮೇಲೆ ಏನನ್ನಾದ್ರೂ ತರಬೇಕು. ಇಲ್ಲಿ ಹಾರಾ ತರೋದೇ ಇಲ್ಲ, ಇದ್ದದ್ದನ್ನ ತೆಗೀತಾರೆ ಅಷ್ಟೇ. ನನ್ನ ಇಡೀ ವಾದ ನಿಂತಿರೋದು ಈ ಒಂದು ಮಾತಿನ ಮೇಲೆ.

ದೃಶ್ಯಕ್ಕೆ ಬರೋಣ. ವೇದಿಕೆ ಮೇಲೆ ನಡೀತಿರೋ ನೋಹ್ ನಾಟಕದ ಹೆಸರು ‘ಕಾಕಿತ್ಸುಬಾತಾ’, ಅಂದ್ರೆ ನೀರಿನಂಚಲ್ಲಿ ಬೆಳೆಯೋ ನೀಲಿ ಐರಿಸ್ ಹೂವು. ಊರೂರು ಸುತ್ತೋ ಒಬ್ಬ ಬೌದ್ಧ ಸನ್ಯಾಸಿ ಯಾತ್ಸುಹಾಶಿ ಅನ್ನೋ ಜಾಗದಲ್ಲಿ ಹೂ ನೋಡ್ತಾ ನಿಂತಿರುವಾಗ ಒಬ್ಬ ಹೆಂಗಸು ಬರ್ತಾಳೆ, ಅವಳು ನಿಜಕ್ಕೂ ಆ ಹೂವಿನ ಆತ್ಮ. ಅದೇ ಜಾಗದಲ್ಲಿ ಹಿಂದೆ ನಾರಿಹಿರಾ ಅನ್ನೋ ಕವಿ ದೂರದಲ್ಲಿರೋ ಹೆಂಡತಿಯನ್ನ ನೆನೆದು ಪದ್ಯ ಕಟ್ಟಿದ್ದ ಅನ್ನೋ ಕಥೆ ಅದರೊಳಗೆ ಬರತ್ತೆ. ಕೊನೆಗೆ ಆ ಹೂವಿನ ಆತ್ಮ ಕುಣಿದು ಮುಕ್ತಿ ಪಡೆಯತ್ತೆ. ಹತ್ತಿರದವರನ್ನ ಬಿಟ್ಟು ದೂರ ಹೋದವನ ಹಂಬಲ, ಹಾತೊರೆತದಿಂದ ಬಿಡುಗಡೆ, ಇದು ನಾಟಕದ ಒಳಗಿನ ಸರಕು. ಓಜು ಇದನ್ನ ನಮಗೆ ವಿವರಿಸೋಕೆ ಹೋಗಲ್ಲ. ಹಾಡ್ತಾ ಇರ್ತಾರೆ, ಡೋಲು ಬಾರಿಸೋರು ಮಧ್ಯೆ ಮಧ್ಯೆ ಕೂಗು ಹಾಕ್ತಾರೆ, ಕೊಳಲು ಇರತ್ತೆ. ದೃಶ್ಯದ ಉದ್ದಕ್ಕೂ ಕೇಳೋ ಶಬ್ದ ಅದೇ, ಬೇರೆ ಹಿನ್ನೆಲೆ ಸಂಗೀತ ಇಲ್ಲ. ಆ ಹಾಡಿಕೆಗೆ ನೊರಿಕೊ ಮನಸ್ಸಿನ ಬಗ್ಗೆ ಏನೂ ಗೊತ್ತಿಲ್ಲ, ಅದರ ಪಾಡಿಗೆ ಅದು ಹೋಗ್ತಿರತ್ತೆ, ಅವಳಿಗೋಸ್ಕರ ನಿಲ್ಲಲ್ಲ.

ಅಪ್ಪ (ಚಿಶು ರ್ಯೂ) ನಾಟಕದಲ್ಲಿ ಮುಳುಗಿದಾನೆ, ಮುಖದಲ್ಲಿ ಖುಷಿ. ಮಗಳೂ ನಿರಾಳವಾಗೇ ಇದ್ದಾಳೆ. ಆಮೇಲೆ ಅಪ್ಪ ಒಂದು ಕಡೆ ನೋಡಿ ತಲೆಬಾಗ್ತಾನೆ. ನೊರಿಕೊ ಅಪ್ಪ ಯಾರಿಗೆ ವಂದಿಸಿದ ಅಂತ ಆ ಕಡೆ ನೋಡ್ತಾಳೆ. ಮಿವಾ (ಕುನಿಕೊ ಮಿಯಾಕೆ) ಕೂತಿದಾಳೆ. ನೊರಿಕೊ ಸೌಜನ್ಯಕ್ಕೆ ಎಷ್ಟು ಬೇಕೋ ಅಷ್ಟು ತಲೆಬಾಗ್ತಾಳೆ. ಇಲ್ಲೀವರೆಗೂ ಎಲ್ಲಾ ಮಾಮೂಲಿ, ಯಾವ ಮದುವೆ ಮನೆಯಲ್ಲಿ ಯಾವ ಪರಿಚಯದವರು ಸಿಕ್ಕರೂ ನಡೆಯೋದೇ. ಆದ್ರೆ ವಂದಿಸಿ ತಲೆ ಎತ್ತಿದ ಮೇಲೆ ಆ ಸೌಜನ್ಯದ ಮುಖ ಅವಳ ಹತ್ರ ನಿಲ್ಲಲ್ಲ. ಅಪ್ಪನ ಕಡೆ ನೋಡ್ತಾಳೆ. ಅಪ್ಪ ಆಗ್ಲೇ ನಾಟಕಕ್ಕೆ ವಾಪಸ್ ಹೋಗಿದಾನೆ, ಅದೇ ಖುಷಿ, ಅದೇ ತನ್ಮಯತೆ. ಮತ್ತೆ ಮಿವಾ ಕಡೆ ನೋಡ್ತಾಳೆ, ಅವಳೂ ಆರಾಮಾಗಿ ವೇದಿಕೆ ನೋಡ್ತಿದಾಳೆ. ನೊರಿಕೊ ಮುಖ ಸಪ್ಪೆ ಆಗ್ತಾ ಆಗ್ತಾ, ಕೊನೆಗೆ ತಲೆ ತಗ್ಗಿಸ್ತಾಳೆ.

ಈ ಬದಲಾವಣೆ ಒಂದೇ ಏಟಿಗೆ ಆಗಲ್ಲ ಅನ್ನೋದು ಮುಖ್ಯ. ಹುಬ್ಬು ಗಂಟಿಕ್ಕೋದು, ತುಟಿ ನಡುಗೋದು, ಕಣ್ಣು ಅಗಲ ಮಾಡೋದು, ಇಂಥ ಯಾವ ಸಿಗ್ನಲ್ಲೂ ಇಲ್ಲ. ಮುಖದ ಸ್ನಾಯುಗಳು ಹಿಡಿದುಕೊಂಡಿದ್ದನ್ನ ಬಿಟ್ಟ ಹಾಗೆ. ಕೆನ್ನೆ ಇಳಿಯತ್ತೆ, ಬಾಯಿ ಸುಮ್ಮನಾಗತ್ತೆ, ನೋಟ ಭಾರ ಆಗತ್ತೆ. ನಗೋ ಮುಖದಲ್ಲಿ ಕೆನ್ನೆ ಮೇಲೆ ಹೋಗಿ ಕಣ್ಣಿನ ಕೆಳಗಡೆ ಸ್ವಲ್ಪ ಮಡಿಕೆ ಬೀಳತ್ತಲ್ಲ, ಹಾರಾ ಅವರದು ದೊಡ್ಡ ಕಣ್ಣು ದೊಡ್ಡ ಮುಖ, ಹಾಗಾಗಿ ಆ ಮಡಿಕೆ ಹೋದ ತಕ್ಷಣ ಇಡೀ ಮುಖ ಬರಿದಾದಂತೆ ಕಾಣತ್ತೆ. ಏನನ್ನೂ ಸೇರಿಸದೆ ಬರೀ ಕಳೆಯೋದರಿಂದ ಇಷ್ಟು ದೊಡ್ಡ ವ್ಯತ್ಯಾಸ ಬರೋದು ಆ ಮುಖಕ್ಕೆ ಮೊದಲು ಅಷ್ಟು ನಗು ಇದ್ದಿದ್ದಕ್ಕೇ.

ತಲೆ ತಗ್ಗಿಸೋದರ ಬಗ್ಗೆ ಸ್ವಲ್ಪ ಹೆಚ್ಚು ಹೇಳ್ಬೇಕು, ಯಾಕಂದ್ರೆ ವೇದಿಕೆಗೂ ಪ್ರೇಕ್ಷಕರ ಸಾಲಿಗೂ ಇಲ್ಲಿ ನೇರ ಸಂಬಂಧ ಇದೆ ಅಂತ ನನ್ನ ನಂಬಿಕೆ. ನೋಹ್ ನಾಟಕದಲ್ಲಿ ಮುಖ್ಯ ಪಾತ್ರಧಾರಿ ಮರದಲ್ಲಿ ಕೆತ್ತಿದ ಮುಖವಾಡ ಹಾಕ್ತಾನೆ. ಮರದ ಮುಖ ಬದಲಾಗಲ್ಲ, ಆದ್ರೆ ತಲೆ ಸ್ವಲ್ಪ ಮೇಲೆತ್ತಿದ್ರೆ ಬೆಳಕು ಬಿದ್ದು ಮುಖ ಅರಳಿದ ಹಾಗೆ ಕಾಣತ್ತೆ, ಅದಕ್ಕೆ ಅವ್ರು ‘ತೆರಾಸು’ ಅಂತಾರೆ. ಸ್ವಲ್ಪ ಕೆಳಗೆ ಬಾಗಿಸಿದ್ರೆ ನೆರಳು ಬಿದ್ದು ದುಃಖ ಕವಿದ ಹಾಗೆ ಕಾಣತ್ತೆ, ಅದು ‘ಕುಮೊರಾಸು’. ಶತಮಾನಗಳಿಂದ ಬಂದಿರೋ ತಂತ್ರ. ಈಗ ಹಾರಾ ಏನು ಮಾಡ್ತಾರೆ ನೋಡಿ, ಮೊದಲು ಮುಖದಿಂದ ಭಾವ ತೆಗೀತಾರೆ, ಅಂದ್ರೆ ಮುಖವನ್ನ ಮುಖವಾಡದಷ್ಟು ನಿಶ್ಚಲ ಮಾಡ್ತಾರೆ, ಆಮೇಲೆ ತಲೆ ಬಾಗಿಸ್ತಾರೆ. ವೇದಿಕೆ ಮೇಲೆ ಮರದ ಮುಖ ಮಾಡೋ ಕೆಲಸವನ್ನೇ ಕೆಳಗೆ ಕೂತ ಹುಡುಗಿಯ ಮುಖ ಮಾಡತ್ತೆ. ಓಜು ಇದನ್ನ ಲೆಕ್ಕ ಹಾಕಿಯೇ ಇಟ್ರಾ, ಹಾರಾ ತಾವಾಗೇ ಅಲ್ಲಿಗೆ ಬಂದ್ರಾ ಅನ್ನೋದಕ್ಕಿಂತ ಪರದೆ ಮೇಲೆ ಅದು ಇದೆ ಅನ್ನೋದು ನನಗೆ ಸಾಕು.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಬರತ್ತೆ, ಅದನ್ನ ಹಾರಿಸಿ ಹೋಗೋ ಹಾಗಿಲ್ಲ. ರಷ್ಯಾದ ನಿರ್ದೇಶಕ ಕುಲೆಶೋವ್ ಮಾಡಿದ ಪ್ರಯೋಗ ಸಿನಿಮಾ ಓದಿದವರಿಗೆಲ್ಲ ಗೊತ್ತು, ನಟ ಮೊಸ್ಜುಕಿನ್‌ನ ಒಂದೇ ಭಾವರಹಿತ ಕ್ಲೋಸಪ್ಪನ್ನ ಸೂಪಿನ ಬಟ್ಟಲು, ಶವಪೆಟ್ಟಿಗೆ, ಹೀಗೆ ಬೇರೆ ಬೇರೆ ಶಾಟ್ ಪಕ್ಕ ಅಂಟಿಸಿದಾಗ ನೋಡಿದವರಿಗೆ ಒಮ್ಮೆ ಹಸಿವು ಕಾಣ್ತು, ಒಮ್ಮೆ ದುಃಖ ಕಾಣ್ತು ಅನ್ನೋ ಕಥೆ. ಹಾಗಾದ್ರೆ ನೊರಿಕೊ ಮುಖದಲ್ಲಿ ನಾವು ಓದೋದೂ ಎಡಿಟಿಂಗ್ ಆಟವೇ ಅಲ್ವಾ, ಅಪ್ಪ, ಮಿವಾ, ಅಪ್ಪ, ಮಿವಾ ಅಂತ ಕತ್ತರಿಸಿ ತೋರಿಸಿದ್ರೆ ಯಾವ ಮುಖ ಇಟ್ರೂ ಹೊಟ್ಟೆಕಿಚ್ಚು ಕಾಣಲ್ವಾ ಅಂತ ಕೇಳಬಹುದು. ಅರ್ಧ ಸತ್ಯ ಇದೆ. ಯಾರು ಯಾರನ್ನ ನೋಡಿದ್ರು ಅನ್ನೋ ತ್ರಿಕೋನವನ್ನ ಕಟ್ಟಿರೋದು ಕತ್ತರಿಯೇ. ಆದ್ರೆ ಕುಲೆಶೋವ್ ಕ್ಲೋಸಪ್ಪಲ್ಲಿ ಮುಖ ಬದಲಾಗಲ್ಲ, ಇಲ್ಲಿ ಬದಲಾಗತ್ತೆ, ನಮ್ಮ ಕಣ್ಣೆದುರಿಗೇ. ಇದೇ ಸಿನಿಮಾದ ಕೊನೆಕೊನೆಗೆ ಕ್ಯೋಟೋ ವಸತಿಗೃಹದಲ್ಲಿ ರಾತ್ರಿ ಮಲಗೋ ದೃಶ್ಯ ಇದೆ, ವಿಮರ್ಶಕರು ಪುಟಗಟ್ಟಲೆ ಬರೆದಿರೋ ಹೂದಾನಿಯ ಶಾಟ್. ಅಲ್ಲಿ ನೊರಿಕೊ ಮುಗುಳ್ನಗ್ತಾಳೆ, ಹೂದಾನಿ ತೋರಿಸ್ತಾರೆ, ವಾಪಸ್ ಬಂದಾಗ ಅವಳು ಅಳೋ ಸ್ಥಿತಿಯಲ್ಲಿದ್ದಾಳೆ. ಅಲ್ಲಿ ಬದಲಾವಣೆ ನಡೆಯೋದು ನಾವು ಹೂದಾನಿ ನೋಡ್ತಿರುವಾಗ. ಆ ದೃಶ್ಯದಲ್ಲಿ ಎಡಿಟಿಂಗ್‌ಗೆ ದೊಡ್ಡ ಪಾಲು ಕೊಡೋಣ, ನ್ಯಾಯವೇ. ನೋಹ್ ದೃಶ್ಯದಲ್ಲಿ ಮಾತ್ರ ಇಳಿಯೋ ಕ್ರಿಯೆಯನ್ನ ನಟಿ ನಮಗೆ ತೋರಿಸ್ತಾರೆ. ಎಲ್ಲರೂ ಹೂದಾನಿ ಹಿಂದೆ ಬಿದ್ದು ಇದನ್ನ ಸ್ವಲ್ಪ ಮರೆತಿದ್ದಾರೆ ಅಂತ ನನಗೆ ಬೇಜಾರಿದೆ, ಅಭಿನಯದ ದೃಷ್ಟಿಯಿಂದ ನೋಡಿದ್ರೆ ಇದೇ ಕಷ್ಟದ ಕೆಲಸ.

ಎಷ್ಟು ಕಷ್ಟ ಅಂತ ತಿಳೀಬೇಕಾದ್ರೆ ಓಜು ಶೂಟಿಂಗ್ ಮಾಡ್ತಿದ್ದ ರೀತಿ ಗೊತ್ತಿರಬೇಕು. ಕ್ಯಾಮೆರಾ ನೆಲಕ್ಕೆ ಹತ್ತಿರ, 50 ಮಿಲಿಮೀಟರ್ ಲೆನ್ಸ್, ಬಹುತೇಕ ಅಲುಗಾಡದ ಶಾಟ್‌ಗಳು (ಈ ಚಿತ್ರದಲ್ಲಿ ಸೈಕಲ್ ಸವಾರಿ ತರದ ಕೆಲವು ಕಡೆ ಮಾತ್ರ ಕ್ಯಾಮೆರಾ ಚಲಿಸತ್ತೆ). ಛಾಯಾಗ್ರಹಣ ಯೂಹರು ಅತ್ಸುತಾ, ಚಿತ್ರಕಥೆ ಓಜು ಜೊತೆ ಕೊಗೊ ನೋಡಾ. ಪ್ರತಿ ಶಾಟ್ ಬೇರೆ ಬೇರೆಯಾಗಿ, ಮತ್ತೆ ಮತ್ತೆ ರಿಹರ್ಸಲ್ ಮಾಡಿಸಿ, ಎಲ್ಲಿ ನೋಡ್ಬೇಕು ಯಾವಾಗ ತಿರುಗಬೇಕು ಅಂತ ನಿಖರವಾಗಿ ಹೇಳಿ ತೆಗೆಯೋ ಪದ್ಧತಿ. ರಂಗಭೂಮಿಯಲ್ಲಾದ್ರೆ ನಟಿ ಒಂದು ಭಾವದಿಂದ ಇನ್ನೊಂದಕ್ಕೆ ಹರಿದು ಹೋಗಬಹುದು, ಎದುರಿಗಿರೋ ನಟನಿಂದ ಏನೋ ಸಿಗತ್ತೆ, ಪ್ರೇಕ್ಷಕರಿಂದ ಏನೋ ಸಿಗತ್ತೆ. ಇಲ್ಲಿ ತುಂಡು ತುಂಡು. ಒಂದು ತುಂಡಲ್ಲಿ ಎಷ್ಟು ನಗು ಉಳಿದಿತ್ತು ಅನ್ನೋದನ್ನ ಮುಂದಿನ ತುಂಡಿಗೆ ನೆನಪಿಟ್ಕೊಂಡು ಅಲ್ಲಿಂದ ಇಳಿಸ್ಬೇಕು, ಜಾಸ್ತಿ ಇಳಿಸಿದ್ರೆ ಅಳುಮುಂಜಿ ಆಗತ್ತೆ, ಕಮ್ಮಿ ಆದ್ರೆ ಏನೂ ಆಗಿಲ್ಲ ಅನ್ನೋ ಹಾಗಿರತ್ತೆ. ಕ್ಯಾಮೆರಾ ಅಲುಗಾಡದೆ ಕೂತಿರೋದರಿಂದ ಮರೆಯಾಗೋಕೆ ಜಾಗಾನೂ ಇಲ್ಲ.

ಹಾರಾ ಅವರಿಗೆ ಬರೋದೇ ಇಷ್ಟು, ತಣ್ಣಗಿನ ಅಭಿನಯ ಮಾತ್ರ ಅಂದ್ಕೊಂಡ್ರೆ ತಪ್ಪಾಗತ್ತೆ. 1920ರಲ್ಲಿ ಯೊಕೊಹಾಮಾದಲ್ಲಿ ಹುಟ್ಟಿ ಹದಿಹರೆಯದಲ್ಲೇ ಸಿನಿಮಾಗೆ ಬಂದವರು. 1946ರಲ್ಲಿ ಇನ್ನೊಬ್ಬ ಜಪಾನಿ ನಿರ್ದೇಶಕ ಕುರೊಸಾವಾ ಅವರ ‘ನೋ ರಿಗ್ರೆಟ್ಸ್ ಫಾರ್ ಅವರ್ ಯೂತ್’ ಚಿತ್ರದಲ್ಲಿ ಕೆಸರು ಗದ್ದೆಯಲ್ಲಿ ದುಡಿಯೋ ಹೆಣ್ಣಾಗಿ ಅವರ ಕಣ್ಣು, ದವಡೆ, ಇಡೀ ಮೈ ಉರೀತಿರತ್ತೆ. 1951ರ ‘ದಿ ಇಡಿಯಟ್’ನಲ್ಲಂತೂ ಆ ಕಣ್ಣಿನ ತೀಕ್ಷ್ಣತೆ ನೋಡಿದ್ರೆ ಇದೇ ನೊರಿಕೊನಾ ಅನ್ಸತ್ತೆ. ಅಂದ್ರೆ ದೊಡ್ಡದಾಗಿ ಮಾಡೋ ಶಕ್ತಿ ಕೈಲಿತ್ತು, ಇಲ್ಲಿ ಅದನ್ನ ಬಳಸಲಿಲ್ಲ. ‘ಲೇಟ್ ಸ್ಪ್ರಿಂಗ್’ ಓಜು ಜೊತೆ ಅವರ ಮೊದಲ ಸಿನಿಮಾ ಬೇರೆ, ಆಮೇಲೆ 1951ರ ‘ಅರ್ಲಿ ಸಮ್ಮರ್’, 1953ರ ‘ಟೋಕಿಯೋ ಸ್ಟೋರಿ’, ಮೂರರಲ್ಲೂ ಅವರ ಪಾತ್ರದ ಹೆಸರು ನೊರಿಕೊನೇ.

ದೃಶ್ಯ ಮುಗಿಯೋ ರೀತಿಯೂ ಅಷ್ಟೇ ಚೆನ್ನಾಗಿದೆ. ನೊರಿಕೊ ತಲೆ ತಗ್ಗಿಸಿದ ಮೇಲೆ ಒಂದು ದೊಡ್ಡ ಮರದ ಶಾಟ್ ಬರತ್ತೆ, ನಾಟಕದ ಹಾಡಿಕೆ ಇನ್ನೂ ಕೇಳ್ತಿರತ್ತೆ. ಆಮೇಲೆ ಅಪ್ಪ ಮಗಳು ರಸ್ತೆಯಲ್ಲಿ ನಡೀತಿರ್ತಾರೆ. ಅಪ್ಪನಿಗೆ ಮಗಳ ಮುಖದಲ್ಲಿ ಆಗಿದ್ದು ಯಾವುದೂ ಗೊತ್ತಿಲ್ಲ, ನಾಟಕ ಚೆನ್ನಾಗಿತ್ತು ಅನ್ನೋ ಖುಷಿಯಲ್ಲೇ ಇದಾನೆ. ಅವಳು ನಂಗೆ ಬೇರೆ ಕಡೆ ಹೋಗೋದಿದೆ ಅಂದ್ಬಿಟ್ಟು ರಸ್ತೆ ದಾಟಿ ಆ ಬದಿಯಲ್ಲಿ ಬಿರಬಿರನೆ ಮುಂದೆ ಹೋಗ್ತಾಳೆ. ಅಲ್ಲಿಂದ ಗೆಳತಿ ಆಯಾ ಮನೆಗೆ, ಅಲ್ಲೂ ನಿಲ್ಲೋಕಾಗಲ್ಲ ಅವಳಿಗೆ. ಮುಖದಲ್ಲಿ ಆದದ್ದು ಈಗ ಕಾಲಿಗೆ ಬಂತು, ಅಷ್ಟೇ. ಇದರ ನಂತರವೇ ಅಪ್ಪನನ್ನ ನೇರವಾಗಿ ಕೇಳ್ತಾಳೆ, ನೀನು ಮದುವೆ ಆಗ್ತೀಯಾ, ಆ ಮಿವಾನಾ ಅಂತ, ಅಪ್ಪ ಹ್ಞೂಂ ಅಂತಾನೆ. ಅವಳು ಸತಾಕೆ ಜೊತೆ ಮದುವೆಗೆ ಒಪ್ಪೋದು ಆ ಹ್ಞೂಂನಿಂದ.

ಕಥೆ ಗೊತ್ತಿರೋರಿಗೆ ಗೊತ್ತು, ಅದು ಸುಳ್ಳು. ಮಗಳು ತನ್ನನ್ನ ಬಿಟ್ಟು ಹೋಗಲ್ಲ ಅಂತ ಗೊತ್ತಾಗಿ, ಹೋಗಲಿ ಅಂತ ಹೇಳಿದ ಸುಳ್ಳು, ಮದುವೆ ಮುಗಿದ ಮೇಲೆ ಆಯಾ ಹತ್ರ ತನ್ನ ಜೀವನದ ದೊಡ್ಡ ಸುಳ್ಳು ಅದು ಅಂತ ಒಪ್ಕೊಳ್ತಾನೆ. ಮದುವೆಯನ್ನ ಓಜು ತೋರಿಸೋದೇ ಇಲ್ಲ, ಗಂಡಿನ ಮುಖವನ್ನೂ ತೋರಿಸಲ್ಲ. ಕೊನೆಗೆ ಅಪ್ಪ ಒಬ್ಬನೇ ಕೂತು ಸೇಬು ಹಣ್ಣಿನ ಸಿಪ್ಪೆ ತೆಗೀತಾನೆ, ಸಿಪ್ಪೆ ಬೀಳತ್ತೆ, ತಲೆ ಬಾಗತ್ತೆ. ಅಲ್ಲಿ ಗೋಳೋ ಅಂತ ಅಳು ಅಂತ ಓಜು ಕೇಳಿದ್ರಂತೆ, ಚಿಶು ರ್ಯೂ ನನ್ನ ಕೈಲಾಗಲ್ಲ ಅಂದ್ರಂತೆ, ಓಜು ಒತ್ತಾಯ ಮಾಡಲಿಲ್ಲ ಅಂತ ರ್ಯೂ ಅವರೇ ಆಮೇಲೆ ನೆನಪಿಸಿಕೊಂಡಿದ್ದಾರೆ. ಹಾಗಾಗಿ ಅಪ್ಪನೂ ಮಗಳ ತರಾನೇ ತಲೆ ಬಾಗಿಸ್ತಾನೆ. ಅವಳು ನಾಟಕದ ಮಧ್ಯೆ, ಇವನು ಖಾಲಿ ಮನೆಯಲ್ಲಿ. ಇಬ್ಬರದ್ದೂ ಒಂದೇ ಭಂಗಿ ಅನ್ನೋದು ನನಗೆ ಹೊಳೆದಿದ್ದು ಎಷ್ಟೋ ಸಲ ನೋಡಿದ ಮೇಲೆ.

ಇನ್ನೊಂದು ಪ್ರಶ್ನೆ ಉಳಿಯತ್ತೆ, ಈ ಸಿನಿಮಾ ಇಷ್ಟಪಡೋರು ಸೇರಿದಾಗ ಚರ್ಚೆ ಆಗಲೇಬೇಕಾದ್ದು. ನಾಟಕದಲ್ಲಿ ಅಪ್ಪ ಮಿವಾಗೆ ವಂದಿಸಿದ್ದು ಬೇಕಂತಲೇನಾ? ಮಗಳಿಗೆ ಕಾಣಲಿ, ಅನುಮಾನ ಬಲವಾಗಲಿ ಅಂತ? ಸುಳ್ಳಿನ ಕಥೆ ಗೊತ್ತಾದ ಮೇಲೆ ಎರಡನೇ ಸಲ ನೋಡುವಾಗ ಈ ಸಂಶಯ ಬಂದೇ ಬರತ್ತೆ. ನನ್ನ ಉತ್ತರ ಇಲ್ಲ ಅಂತ, ಕಾರಣ ರ್ಯೂ ಅವರ ಮುಖ. ವಂದಿಸಿದ ತಕ್ಷಣ ಅವನ ಕಣ್ಣು ವೇದಿಕೆಗೆ ಹೋಗತ್ತೆ, ಮಗಳ ಕಡೆ ಒಂದು ಓರೆನೋಟವೂ ಇಲ್ಲ. ಏನಾದ್ರೂ ನಾಟಕ ಆಡ್ತಿದ್ದವನಾದ್ರೆ ಅದರ ಪರಿಣಾಮ ಆಯ್ತಾ ಅಂತ ಒಂದು ಸಲವಾದ್ರೂ ಮಗಳ ಮುಖ ನೋಡ್ತಿದ್ದ. ಅವನು ನಿಜವಾಗ್ಲೂ ಹಾಡಿಕೆ ಕೇಳ್ತಿದಾನೆ. ಪರಿಚಯದವರು ಕಂಡ್ರು, ನಮಸ್ಕಾರ ಅಂದ, ಮುಗೀತು ಅವನ ಪಾಲಿಗೆ. ಸುಳ್ಳು ಹೇಳೋ ಯೋಚನೆ ಅವನಿಗೆ ಬಂದಿದ್ದು ಆಮೇಲೆ, ಬಹುಶಃ ಮಗಳು ಮುಖ ತಿರುಗಿಸಿಕೊಂಡು ರಸ್ತೆ ದಾಟಿದ ಮೇಲೆ, ಇವಳು ತಾನೇ ನಂಬೋಕೆ ತಯಾರಾಗಿದ್ದಾಳೆ ಅಂತ ಗೊತ್ತಾದ ಮೇಲೆ. ಹಾಗೆ ನೋಡಿದ್ರೆ ಆ ಸುಳ್ಳಿನ ಮೊದಲ ಸಾಲನ್ನ ಬರೆದವಳು ನೊರಿಕೊನೇ. ಇದನ್ನ ಒಪ್ಪದವರು ಅಪ್ಪ ವಂದಿಸೋ ಶಾಟಿಂದ ಮಗಳು ತಲೆ ತಗ್ಗಿಸೋವರೆಗೆ ಮತ್ತೊಮ್ಮೆ ಹಾಕಿ, ಈ ಸಲ ಹಾರಾ ಅವರನ್ನ ಬಿಟ್ಟು ರ್ಯೂ ಅವರ ಕಣ್ಣನ್ನೇ ನೋಡಿ ಹೇಳಲಿ.